ಕ್ಯಾಮೆರಾ ಮುಂದೆ ಬಡಿದ ಮೊಳೆ

ಎತ್ತಿಗೆ ನಾಲು, ಅಂದರೆ ಲಾಳ, ಬಡಿಯುವಾಗ ಮೊಳೆಗಳನ್ನು ತುಟಿಯಲ್ಲಿ ಹಿಡಿದುಕೊಳ್ಳಬೇಕು. ಒಂದು ಕೈಯಲ್ಲಿ ಗೊರಸು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆಗೆ ಮೂರನೇ ಕೈ ಎಲ್ಲಿಂದ ತರುವುದು? ಬಾಯಲ್ಲಿ ಮೊಳೆ ಇದ್ದಾಗ ಮಾತಾಡಲು ಆಗುವುದಿಲ್ಲ. ಅದು ಒಳ್ಳೆಯದೇ. ಲಕ್ಷ್ಮೇಶ್ವರದ ದನದ ಸಂತೆಯ ಬದಿಗೆ ಕುಳಿತು ನಲವತ್ತು ವರ್ಷ ಈ ಕೆಲಸ ಮಾಡಿದ್ದೇನೆ. ಮೊಳೆ ಬಡಿಯುತ್ತ ಮಾತಾಡಿದ್ದು ಒಂದೇ ದಿನ. ಆ ದಿನದ್ದನ್ನೇ ಬರೆಯುತ್ತಿದ್ದೇನೆ.

ಕೆಲಸ ನನ್ನ ಗಂಡನದು. ಅವನ ಬಲಗೈ ನಡುಗಲು ಶುರುವಾದ ಮೇಲೆ ಸುತ್ತಿಗೆ ನನ್ನ ಕೈಗೆ ಬಂತು. ಎತ್ತಿಗೆ ಹಗ್ಗ ಹಾಕಿ ಕೆಡವುವುದು, ಕಾಲು ಕಟ್ಟಿ ಹಿಡಿಯುವುದು ನಾದಿನಿಯ ಪಾಲಿಗೆ ಬಂತು. ಅವಳು ಗಂಡ ಸತ್ತು ತವರಿಗೆ ತಿರುಗಿ ಬಂದವಳು, ತೋಳಿನಲ್ಲಿ ಬಲ ಇತ್ತು. ಮೊದಮೊದಲು ಸಂತೆಯ ಗಂಡಸರು ದೂರ ನಿಂತು ನೋಡಿದರು.

"ಹೆಂಗಸಿನ ಕೈಲೆ ನಾಲ ಬಡಿಸಿದ್ರ ಎತ್ತು ಹೋಗಿ ಆಕಳ ಆಕ್ಕೈತಿ ನೋಡ್ರಿ," ಎಂದ ಒಬ್ಬ.

ನಾದಿನಿ ಹಗ್ಗ ಬಿಗಿಯುತ್ತಲೇ, "ಆದ್ರ ಚಲೋನ ಆತಲ್ಲೋ, ಹಾಲು ಹಿಂಡ್ಕೊಂಡು ಕುಡಿ. ಹೆಂಗೂ ನಿನ್ನ ಎತ್ತು ದುಡಿಯಂಗಿಲ್ಲ," ಎಂದಳು.

ನಕ್ಕರು. ನಕ್ಕವರೇ ಮುಂದಿನ ವಾರ ಎತ್ತು ಹೊಡೆದುಕೊಂಡು ಬಂದರು. ಆಗೆಲ್ಲ ನಾನು ನಾಲು ಬಡಿದ ಎತ್ತು ಕುಂಟಿದ್ದಿಲ್ಲ. ಇದು ಜಂಬದ ಮಾತಲ್ಲ. ಕುಂಟಿದ್ದರೆ ಯಾರೂ ಎರಡನೇ ಸಲ ಬರುತ್ತಿರಲಿಲ್ಲ.

ಈಗ ಟ್ರ್ಯಾಕ್ಟರ್ ಬಂದು ಎತ್ತು ಕಡಿಮೆಯಾಗಿವೆ. ತಿಂಗಳಿಗೆ ಒಂದು ಜೋಡಿ ಬಂದರೆ ಹೆಚ್ಚು. ಅಂಥದರಲ್ಲಿ ಹೋದ ವರ್ಷ ಬೆಂಗಳೂರಿನಿಂದ ಒಬ್ಬ ಹುಡುಗಿ ಬಂದಳು. ಗಂಡಸರ ಕೆಲಸಕ್ಕೆ ಮೊದಲು ಕೈ ಹಾಕಿದ ಹೆಂಗಸರ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಾಳಂತೆ. ಬಸ್ಸು ಓಡಿಸಿದವಳು, ಕರೆಂಟ್ ಕಂಬ ಹತ್ತಿದವಳು, ಅವರ ಸಾಲಿನಲ್ಲಿ ನಾನು. ಎಲ್ಲರಿಗಿಂತ ಮೊದಲು ನಾನೇ ಎಂದು ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ನಾನು ಕೇಳಲಿಲ್ಲ. ಕೇಳಲು ಮನಸ್ಸಿರಲಿಲ್ಲ ಅನ್ನುವುದೇ ಖರೆ. ಚಿತ್ರ ತೆಗೆಯುವ ದಿನ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟೆ.

"ಯಾರ ಲಗ್ನ ಐತಿ ವೈನಿ? ಎತ್ತಿಂದೋ, ನಿಂದೋ?" ಎಂದು ನಾದಿನಿ ಕೇಳಿದಳು. ನಾನು ನೆರಿಗೆ ಸರಿ ಮಾಡಿಕೊಂಡೆ.

ಎತ್ತು ಬೇಕಲ್ಲ. ಇಲ್ಲೇ ಹತ್ತಿರದ ಮಾಗಡಿ ಕಡೆಯ ಒಬ್ಬ ರೈತ ತನ್ನದನ್ನು ತಂದ. ಅವನ ಅಪ್ಪನ ಎತ್ತುಗಳಿಗೂ ನಾಲು ಬಡಿದವಳು ನಾನೇ. ನಾಲ್ಕು ದಿನದಲ್ಲಿ ಅವನ ಹಿಂಗಾರಿ ಬಿತ್ತನೆ. ಹೊಲದ ದಾರಿಯೆಲ್ಲ ಕಲ್ಲು. "ನಿನ್ನ ಸಿನಿಮಾನೂ ಆತು, ನನ್ನ ಕೆಲಸಾನೂ ಆತು ದೊಡ್ಡವ್ವ," ಎಂದು ನಕ್ಕ.

ಎತ್ತು ಕೆಡವಿದೆವು. ನಾನು ಗೊರಸು ಕೆತ್ತಿ, ನಾಲು ಇಟ್ಟು, ಮೊಳೆ ಬಾಯಿಗೆ ಹಾಕಿಕೊಂಡೆ. ಆ ಹುಡುಗಿ ಕೈ ಎತ್ತಿದಳು.

"ಅಜ್ಜಿ, ಬಾಯಲ್ಲಿರೋ ಮೊಳೆ ತೆಗೀತೀರಾ? ಕೆಲಸ ಮಾಡ್ತಾ ಮಾಡ್ತಾನೇ ಮಾತಾಡಿ. ಚೆನ್ನಾಗಿ ಬರುತ್ತೆ."

"ಆಕಿ ಮಾತಾಡಿಕೋತ ಬಡಿಯಂಗಿಲ್ರಿ," ಎಂದಳು ನಾದಿನಿ.

"ನೀ ಸುಮ್ನ ಹಗ್ಗ ಹಿಡಿ," ಎಂದವಳು ನಾನೇ. ಮೊಳೆಗಳನ್ನು ಉಗುಳಿ ತಾಟಿನಲ್ಲಿ ಇಟ್ಟೆ.

ಗೊರಸಿನ ಹೊರಗಿನ ಅಂಚು ನಮ್ಮ ಉಗುರಿನ ಹಾಗೆ, ಅದಕ್ಕೆ ನೋವಿಲ್ಲ. ಅದರ ಒಳಗೆ ಜೀವ ಇದೆ. ಮೊಳೆ ಅಂಚಿನಲ್ಲೇ ಓರೆಯಾಗಿ ಹೋಗಿ ಹೊರಗೆ ಬರಬೇಕು. ಸರಿಯಾಗಿ ಹೋಗುತ್ತಿದ್ದರೆ ಪ್ರತಿ ಪೆಟ್ಟಿಗೂ ಗಟ್ಟಿ ಸದ್ದು ಬರುತ್ತದೆ. ಜೀವಕ್ಕೆ ಹೊಕ್ಕರೆ ಸದ್ದು ಮೆತ್ತಗಾಗುತ್ತದೆ, ಹಸಿ ಮಣ್ಣಿಗೆ ಬಡಿದ ಹಾಗೆ. ಇದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ.

"ಮೊದಲ ಸಲ ಸುತ್ತಿಗೆ ಹಿಡಿದಾಗ ಭಯ ಆಗ್ಲಿಲ್ವಾ ಅಜ್ಜಿ?" ಎಂದು ಅವಳು ಕೇಳಿದಳು.

ನಾನು ಕತ್ತೆತ್ತಿದೆ. "ಹೊಟ್ಟಿ ಮುಂದ ಅಂಜಿಕಿ ಎಲ್ಲಿಂದ ಬರತೈತಿ ತಂಗಿ?" ಎಂದೆ. ಅವಳ ಮುಖ ಅರಳಿತು. ಆ ಮಾತಿನ ನಡುವೆ ಸುತ್ತಿಗೆ ಎರಡು ಸಲ ಬಿದ್ದಿತ್ತು. ಎರಡನೆಯದರ ಸದ್ದು ಮೆತ್ತಗಿತ್ತು. ಎತ್ತು ಮೈ ಅದುರಿಸಿತು. ನಾದಿನಿ ನನ್ನ ಮುಖ ನೋಡಿದಳು.

ಮೊಳೆ ಕಿತ್ತು ಬೇರೆ ಹೊಡೆಯುವುದು ಅರ್ಧ ನಿಮಿಷದ ಕೆಲಸ. ಆದರೆ ಹುಡುಗಿ ಮುಂದುವರಿಸಿ ಎಂದು ಕೈ ಮಾಡುತ್ತಿದ್ದಳು. ಸುತ್ತ ಜನ ನೆರೆದಿದ್ದರು. ಇಳಕಲ್ ಸೀರೆ ಉಟ್ಟು ಕೂತವಳು ತಪ್ಪಿದೆ ಎಂದು ಹೇಗೆ ಹೇಳಲಿ? ಹೊರಗೆ ಬಂದ ಮೊಳೆಯ ತುದಿ ಮುರಿದು, ಮಡಿಸಿ, ಅರ ಉಜ್ಜಿದೆ. ಅವಳು "ಸೂಪರ್ ಅಜ್ಜಿ" ಎಂದಳು.

ಎಲ್ಲರೂ ಹೋದ ಮೇಲೆ ನಾದಿನಿ, "ಆ ಮೊಳಿ ಕೀಳಬೇಕಾಗಿತ್ತು," ಎಂದಳು.

"ಏನಾಗಂಗಿಲ್ಲ ಬಿಡು."

"ಅದನ್ನ ಎತ್ತಿಗೆ ಹೇಳು."

ನಾಲ್ಕನೇ ದಿನ ರೈತ ಎತ್ತನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದ. ಅದು ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಮೊಳೆ ಕಿತ್ತೆ. ಹಿಂದೆಯೇ ಕೀವು ಬಂತು. ತೊಳೆದು ಅರಿಶಿನ, ಬೇವಿನೆಣ್ಣೆ ತುಂಬಿದೆ. ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು.

ರೈತ ಎತ್ತಿನ ಕತ್ತು ಸವರುತ್ತ, "ಹೊಲದ ದಾರ್ಯಾಗ ಕಲ್ಲು ನಟ್ಟಿರಬೇಕು ದೊಡ್ಡವ್ವ. ನಿನ್ನ ಕೈ ತಪ್ಪಿದ್ದು ಎಲ್ಲೆರೆ ಐತೇನು?" ಎಂದ. ಕಿತ್ತ ಮೊಳೆ ನನ್ನ ಮುಷ್ಟಿಯಲ್ಲೇ ಇತ್ತು. ಬೈದಿದ್ದರೆ ಹೇಳಿಬಿಡುತ್ತಿದ್ದೆನೇನೋ. ಅವನು ಬೈಯಲಿಲ್ಲ.

ಬಿತ್ತನೆಯನ್ನು ಬಾಡಿಗೆ ಟ್ರ್ಯಾಕ್ಟರಿನಲ್ಲಿ ಮುಗಿಸಿದ. ಗಾಯ ಎರಡು ತಿಂಗಳಿಗೆ ಒಣಗಿತು, ಕುಂಟು ಉಳಿಯಿತು. ಜೋಡಿಯಲ್ಲಿ ಒಂದು ಹಿಂದೆ ಬಿದ್ದರೆ ನೊಗ ಓರೆಯಾಗುತ್ತದೆ. ಇನ್ನೊಂದರ ಹೆಗಲು ಹುಣ್ಣಾಯಿತು. ಕೊನೆಗೆ ಕುಂಟನನ್ನು ಇದೇ ಸಂತೆಯಲ್ಲಿ ಮಾರಿದ. ಕುಂಟ ಎತ್ತನ್ನು ಯಾಕೆ ಕೊಳ್ಳುತ್ತಾರೆ ಎಂದು ಸಂತೆಯ ಬದಿಗೆ ಬಾಳಿದವಳಿಗೆ ಯಾರೂ ಹೇಳಬೇಕಾಗಿಲ್ಲ. ಆ ದಿನ ನಾನು ಹೊರಗೆ ಬರಲಿಲ್ಲ.

ಈ ಬೇಸಿಗೆಗೆ ಮೊದಲು ಗದಗಿನ ಒಂದು ಸಭಾಂಗಣದಲ್ಲಿ ಚಿತ್ರ ತೋರಿಸಿದರು. ನಾದಿನಿ ಬರಲಿಲ್ಲ. "ನಂದೇನೈತಿ ಅದರಾಗ?" ಎಂದಳು. ಅದೂ ಖರೆ. ಚಿತ್ರದಲ್ಲಿ ಅವಳ ಕೈಗಳಿದ್ದವು, ಮುಖ ಇರಲಿಲ್ಲ. ರೈತ ಮಾತ್ರ ಬಸ್ಸು ಹತ್ತಿ ಬಂದಿದ್ದ, ತನ್ನ ಎತ್ತನ್ನು ಇನ್ನೊಮ್ಮೆ ನೋಡಲು. ನನ್ನ ಪಕ್ಕದ ಕುರ್ಚಿಯಲ್ಲೇ ಕೂತ.

ಪರದೆಯ ಮೇಲೆ ನನ್ನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ಆ ಪ್ರಶ್ನೆ, ನನ್ನ ಉತ್ತರ, ಆ ಎರಡು ಪೆಟ್ಟು. ಜನ ಚಪ್ಪಾಳೆ ಹೊಡೆದರು. ರೈತ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು, "ಹೆಂಗ ಮಲಗೈತಿ ನೋಡ್ ದೊಡ್ಡವ್ವ, ಕೂಸು ಮಲಗಿದಂಗ," ಎಂದ.

ಇನ್ನು ತಡೆಯಲು ಆಗಲಿಲ್ಲ. "ಅದ ಮೊಳಿ," ಎಂದೆ. "ಈಗ ಬಡಿದ್ನಲ್ಲ, ಅದ. ಜೀವಕ್ಕ ಹೋತು. ಕಲ್ಲು ಅಲ್ಲ."

ಅವನು ನನ್ನ ಕಡೆ ತಿರುಗಿದ. "ನಿನಗ ಗೊತ್ತಿತ್ತು?"

"ಅವಾಗ ಗೊತ್ತಾತು."

"ನಾ ಕಲ್ಲು ನಟ್ಟಿರಬೇಕು ಅಂದಾಗ?"

"ಅವಾಗೂ ಗೊತ್ತಿತ್ತು."

ಅವನು ಎದ್ದು ನಿಂತ. ಹಿಂದಿನವರು "ಏ, ಕುಂಡ್ರಪಾ ಮಾರಾಯ" ಎಂದು ಕೂಗಿದರು. ಸಾಲಿನ ಮೊಣಕಾಲುಗಳನ್ನು ದಾಟಿಕೊಂಡು ಹೊರಗೆ ಹೋದ.

ಆಮೇಲೆ ನನ್ನನ್ನು ವೇದಿಕೆಗೆ ಹತ್ತಿಸಿ ಶಾಲು ಹೊದಿಸಿದರು. ಎರಡು ಮಾತು ಹೇಳಿ ಎಂದು ಮೈಕು ಕೊಟ್ಟರು. "ನೀವು ನೋಡಿದ್ರಲ್ಲ ಆ ಎತ್ತು, ಅದು ನನ್ನ ಕೈಲೆ ಕುಂಟಾತು. ಮೊಳಿ ತಪ್ಪಿ ಬಡಿದೆ. ಗೊತ್ತಾದ್ರೂ ಕೀಳಲಿಲ್ಲ," ಎಂದೆ. ಆಮೇಲೆ ಮೈಕು ಇಸಿದುಕೊಂಡವರು, ಎಂಥ ದೊಡ್ಡ ಮನಸ್ಸು, ಎಂಥ ವಿನಯ ಎಂದರು. ಅದಕ್ಕೂ ಚಪ್ಪಾಳೆ ಬಿತ್ತು.

ರೈತ ಉಳಿದ ಎತ್ತಿಗೆ ಹೊಸ ಜೋಡಿ ತಂದಿದ್ದಾನಂತೆ. ನಾಲು ಬಡಿಸಲು ಮುಂಡರಗಿಗೆ ಹೋಗುತ್ತಾನೆ. ಅವನ ಊರಿಗೆ ಅದು ದೂರ, ಆದರೂ ಹೋಗುತ್ತಾನೆ. ನಾನು ಅವನಾಗಿದ್ದರೂ ಅಲ್ಲಿಗೇ ಹೋಗುತ್ತಿದ್ದೆ.