ಕಟ್ಟು ಮುಗಿಯುವವರೆಗೆ ಮಾತಿಲ್ಲ

ಅಥವಾ ಅದು ಅರಕೆರೆಯ ಬಸ್ಸಾಗಿತ್ತೇನೋ. ನಾನು ಎಲ್ಲರಿಗೂ ಹೇಳುತ್ತ ಬಂದಿರುವುದು ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗುವ ಬಸ್ಸು ಎಂದು, ಕಿಟಕಿಯಾಚೆ ಕಬ್ಬು ಹೂಬಿಟ್ಟಿತ್ತು ಎಂದು. ಆದರೆ ಕಬ್ಬಿನ ಹೂವನ್ನು ಗುರುತಿಸಲು ನಾನು ಕಲಿತದ್ದು ಇಲ್ಲಿಗೆ ಬಂದು ಎಷ್ಟೋ ತಿಂಗಳಾದ ಮೇಲೆ. ಹಾಗಾಗಿ ಹೂವು ಆಮೇಲೆ ಬಂದು ಸೇರಿಕೊಂಡದ್ದಿರಬೇಕು. ಮಾತು ಮಾತ್ರ ಕೇಳಿದ್ದು ನಿಜ.

“ಅವ್ನು ಸತ್ತಿಲ್ಲ ಕಣ್ಲಾ. ಸತ್ತಂಗೆ ತೋರ್ಸವ್ರೆ ಅಷ್ಟೆಯಾ,” ಎಂದು ಕಂಡಕ್ಟರ್ ಹೇಳುತ್ತಿದ್ದ.

“ಮೂರು ಪುಟ ಗೋಳಾಡವ್ರೆ. ಸಾಯ್ದೆ ಇನ್ನೇನ್ಲಾ ಆಗವ್ನೆ?” ಎಂದು ಸೀಟಿನಲ್ಲಿದ್ದ ನಡುವಯಸ್ಸಿನ ರೈತ ಕೇಳಿದ.

“ಹೆಣ ತೋರ್ಸವ್ರಾ? ಹೆಣ ನೋಡ್ದೆ ತಿಥಿ ಊಟಕ್ಕೆ ಕುಂತ್ಕಬ್ಯಾಡ.”

ಸೇಡಮ್ಮಿನಿಂದ ಹೊತ್ತು ತಂದ ಟ್ರಂಕು ನನ್ನ ಕಾಲ ಬಳಿ ಇತ್ತು. ‘ಪುಟ’ ಎಂದದ್ದನ್ನು ಗಮನಿಸದೆ, ಯಾರದೋ ಮನೆಯಲ್ಲಿ ಸಾವಾಗಿದೆ, ಹೆಣ ಸಿಕ್ಕಿಲ್ಲ ಎಂದುಕೊಂಡೆ. “ಯಾರ್ ತೀರ್ಕೊಂಡ್ರಿ?” ಎಂದು ಕೇಳಿದೆ. ಇಬ್ಬರೂ ನನ್ನತ್ತ ತಿರುಗಿದರು. “ಜಲಸ್ತಂಭ, ಮೇಡಂ,” ಎಂದ ಕಂಡಕ್ಟರ್, ಟಿಕೆಟ್ ಹರಿದು ಕೊಡುತ್ತ.

ಜಲಸ್ತಂಭ ಎಂದರೆ ಚಿತ್ರಕಥೆಯ ವೀರ. ಅವನ ಊರು ಮುಳುಗಿದೆ. ಅಂದಿನಿಂದ ಅವನು ಕೈಯೆತ್ತಿ ನಿಂತರೆ ಎಂಥ ಪ್ರವಾಹವೂ ನಿಲ್ಲುತ್ತದೆ. ಬೇರೆಲ್ಲೋ ಬರೆದದ್ದು, ಕನ್ನಡಕ್ಕೆ ಬಂದದ್ದು, ತೆಳು ಪುಸ್ತಕ. ನಮ್ಮ ಸೇಡಂ ಕಡೆ ನಲವತ್ತು ದಾಟಿದ ಗಂಡಸರು ಬದುವಿಗಾಗಿ ಜಗಳವಾಡುತ್ತಾರೆ, ಚುನಾವಣೆಗಾಗಿ ಆಡುತ್ತಾರೆ. ಕಾಗದದ ಮೇಲಿನ ಮನುಷ್ಯನಿಗಾಗಿ ಗಂಟಲು ಹರಿದುಕೊಳ್ಳುವವರನ್ನು ನಾನು ಅಲ್ಲಿ ಕಂಡಿರಲಿಲ್ಲ. ಇದ್ದರೋ ಏನೋ, ಹೆಣ್ಣುಮಕ್ಕಳ ಕಿವಿಗೆ ಬೀಳುತ್ತಿರಲಿಲ್ಲವೇನೋ.

ನನಗೆ ಕೆಲಸ ಸಿಕ್ಕಿದ್ದು ಪಾಂಡವಪುರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ. ವೈದ್ಯರು ನೋಡುವ ಮೊದಲು ದೃಷ್ಟಿ ಅಳೆಯುವುದು, ಹನಿ ಹಾಕುವುದು, ಯಂತ್ರದ ಮುಂದೆ ಗಲ್ಲ ಇಡಿಸುವುದು ನನ್ನ ಪಾಲು. ಮನೆ ಸಿಕ್ಕಿದ್ದು ಶ್ರೀರಂಗಪಟ್ಟಣದ ಕೋಟೆಯೊಳಗೆ, ದೇವಸ್ಥಾನದ ಸೇವೆಯ ಮನೆತನದವರ ಮಹಡಿಯ ಮೇಲಿನ ಒಂದು ಕೋಣೆ. ಮನೆಯೊಡತಿ ಬೀಗದ ಕೈ ಕೊಡುವ ಮುಂಚೆ, “ನೀವು ಯಾವ ಕಡೆಯೋರಮ್ಮಾ?” ಎಂದು ಕೇಳಿದರು. ಸೇಡಂ ಎಂದೆ. “ಅದಲ್ಲ,” ಎಂದರು. ಎರಡನೆಯ ಉತ್ತರವನ್ನೂ ಕೊಟ್ಟೆ. ಬೀಗದ ಕೈ ಸಿಕ್ಕಿತು, ಅಡುಗೆಗೆ ಏನೇನು ತರಬಾರದು ಎಂಬ ಮಾತಿನ ಜೊತೆಗೆ.

ಭಾಷೆ ಬದಲಾಗದೆ ಪರದೇಶಕ್ಕೆ ಬರುವುದು ಹೇಗಿರುತ್ತದೆ ಎಂದು ನೀವು ಕೇಳುತ್ತೀರಿ. ಎಲ್ಲ ಮಾತೂ ಅರ್ಥವಾಗುತ್ತದೆ, ಮಾತಿನ ತೂಕ ಅರ್ಥವಾಗುವುದಿಲ್ಲ. ಇಲ್ಲಿ ‘ಕಣ್ಲಾ’ ಎಂದು ಅಂದವನು ಬೈದನೋ ತಬ್ಬಿಕೊಂಡನೋ ಮುಖ ನೋಡಿಯೇ ತಿಳಿಯಬೇಕು. ನಾನು ‘ರೀ’ ಎಂದರೆ ಕ್ಲಿನಿಕ್ಕಿಗೆ ಬಂದ ಅಜ್ಜಂದಿರು ನಾಚುತ್ತಾರೆ. ಮುದ್ದೆಯನ್ನು ಅಗಿಯಬಾರದು, ಉಪ್ಸಾರಿನಲ್ಲಿ ಅದ್ದಿ ನುಂಗಬೇಕು. ಗಂಟಲು ಒಪ್ಪಲು ಬಹಳ ದಿನ ಹಿಡಿಯಿತು. ಜೋಳ ಬೀಸಲು ಗಿರಣಿಗೆ ಕೊಟ್ಟರೆ ಮೊದಲು ಬೀಸಿದ ರಾಗಿ ಅದಕ್ಕೆ ಕೂಡಿ ರೊಟ್ಟಿ ಮಣ್ಣಿನ ಬಣ್ಣಕ್ಕೆ ಬರುತ್ತಿತ್ತು. ಕೊನೆಗೊಮ್ಮೆ ಗಿರಣಿಯವನು, “ಮೇಡಮ್ಮೋರ್ದು ಮೊದ್ಲು ಆಕ್ಬುಡು, ಕಲ್ಲು ತೊಳ್ದಂಗೆ ಇರೋವಾಗ,” ಎಂದು ಆಳಿಗೆ ಹೇಳಿದ. ಆ ದಿನದ ಬಿಳಿ ರೊಟ್ಟಿಯನ್ನು ಹಂಚಿಕೊಂಡು ತಿನ್ನಲು ಯಾರೂ ಇರಲಿಲ್ಲ.

ಮನೆಯೊಡತಿಯ ಮಗ ಶ್ರೀನಿಧಿ ಕೆ.ಆರ್. ಪೇಟೆಯಲ್ಲಿ ಹೈಸ್ಕೂಲು ಮೇಷ್ಟ್ರು. ಜಲಸ್ತಂಭನ ಹೊಸ ಸಂಚಿಕೆ ಬರುವುದು ಅಲ್ಲಿನ ಒಂದೇ ಅಂಗಡಿಗೆ, ಅದೂ ಒಂದೇ ಪ್ರತಿ. ತರುವವನು ಅವನು. ಬಸ್ಸಿನ ಆ ಇಬ್ಬರು ಅವನ ಗೆಳೆಯರು ಎಂದು ತಿಳಿದದ್ದು, ಒಂದು ಭಾನುವಾರ ಅವನು ನನ್ನನ್ನು ಪಾಂಡವಪುರದ ಬೇಕರಿಯ ಹಿಂದಿನ ಬೆಂಚಿಗೆ ಕರೆದುಕೊಂಡು ಹೋದಾಗ. ರೈತ ಕ್ಯಾತನಹಳ್ಳಿಯ ಪುಟ್ಟಸ್ವಾಮಿ. ಕಂಡಕ್ಟರ್ ನಿಂಗರಾಜು, ನಾಗಮಂಗಲದಾಚೆಯ ನಾಲೆಯಿಲ್ಲದ ಊರಿನವನು.

ನಾಲೆಯ ಮಾತು ಬಂದದ್ದಕ್ಕೆ ಕಾರಣವಿದೆ. ಇಲ್ಲಿ ನಾಲೆಯ ನೀರನ್ನು ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ, ಸರದಿಯಂತೆ ಹರಿಸುತ್ತಾರೆ. ಅದಕ್ಕೆ ‘ಕಟ್ಟು’ ಎನ್ನುತ್ತಾರೆ. ಮೇಲಿನವರಿಗೆ ಮೊದಲು, ಕೊನೆಯವರಿಗೆ ಕೊನೆಗೆ. ಈ ಮೂವರು ಪುಸ್ತಕವನ್ನೂ ಹಾಗೆಯೇ ಕಟ್ಟಿನ ಮೇಲೆ ಓದುತ್ತಿದ್ದರು. ಮೊದಲು ಶ್ರೀನಿಧಿ, ಆಮೇಲೆ ಪುಟ್ಟಸ್ವಾಮಿ, ಕೊನೆಗೆ ನಿಂಗರಾಜು. ಕಾಗದ ಸುತ್ತಿದ ಪುಸ್ತಕವನ್ನು ಕೈಯಿಂದ ಕೈಗೆ ತನ್ನ ಬಸ್ಸಿನಲ್ಲೇ ಸಾಗಿಸುತ್ತಿದ್ದವನು ನಿಂಗರಾಜು. ಆದರೂ ತನ್ನ ಸರದಿ ಬರುವವರೆಗೆ ಅದನ್ನು ಬಿಚ್ಚುತ್ತಿರಲಿಲ್ಲ. ಕೊನೆಯವನು ಓದಿ ಮುಗಿಸುವವರೆಗೆ ಆ ಸಂಚಿಕೆಯ ಬಗ್ಗೆ ಯಾರೂ ಒಂದಕ್ಷರ ಆಡುವಂತಿಲ್ಲ. “ಕಟ್ಟು ಮುಗಿಯೋಗಂಟ ಬಾಯಿ ಬುಡಂಗಿಲ್ಲ,” ಇದು ನಿಂಗರಾಜುವೇ ಮಾಡಿದ ಕಾನೂನು.

ಕಟ್ಟು ಮುಗಿದ ಭಾನುವಾರ ಮಾತ್ರ ತೂಬು ಎತ್ತಿದಂತೆ ಮಾತು.

“ಅವ್ನು ಮನ್ಸನೇ ಅಲ್ಲ, ಕಟ್ಟೆ ಕಣ್ಲಾ ಅವ್ನು,” ಎನ್ನುತ್ತಿದ್ದ ಪುಟ್ಟಸ್ವಾಮಿ. “ಬೇಕಾದೋರ್ಗೆ ಬುಡ್ತನೆ, ಬ್ಯಾಡ್ದೋರ್ಗೆ ನಿಲ್ಲುಸ್ತನೆ.”

“ತನ್ನ ಊರು ಉಳಿಸಿಕೊಳ್ಳೋಕಾಗದವನು ಬೇರೆಯವರ ಊರು ಕಾಯ್ತಾನೆ. ಅಣೆಕಟ್ಟಿಗೆ ಊರು ಕೊಟ್ಟು ಎದ್ದು ಬಂದವರ ಕಥೆ ಅದು,” ಎಂದು ಶ್ರೀನಿಧಿ ಮೇಷ್ಟ್ರ ದನಿಯಲ್ಲಿ ಹೇಳುತ್ತಿದ್ದ.

“ಅಂಗಾರೆ ಮೇಡಮ್ಮೋರೂ ಜಲಸ್ತಂಭನೆಯಾ. ಊರು ಬುಟ್ಟು ಬಂದವ್ರೆ,” ಎಂದು ಪುಟ್ಟಸ್ವಾಮಿ ನನ್ನತ್ತ ತಿರುಗಿದ.

“ನಮ್ಮೂರ ಮುಳುಗಿಲ್ರಿ. ಅಲ್ಲೇ ಅದ. ಬಸ್ಸೂ ಅದ,” ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿಂಗರಾಜು ಮಾತ್ರ ಇಂಥ ಅರ್ಥಗಳಿಗೆಲ್ಲ ತಲೆ ಅಲ್ಲಾಡಿಸುತ್ತಿದ್ದ. “ಅವ್ನು ಅವ್ನೆಯಾ ಕಣ್ರಪ್ಪಾ. ಬುಡ್ರಿ ಅವ್ನ.”

ಆ ಕಥೆ ಸಿನಿಮಾ ಆಗಿ ಬಂದಾಗ ಕೆ.ಆರ್. ಪೇಟೆಗೆ ನಾಲ್ವರೂ ಹೋದೆವು. ಸಿನಿಮಾದವರು ಮುಳುಗಿದ ಊರನ್ನೇ ತೆಗೆದುಹಾಕಿದ್ದರು. ಜಲಸ್ತಂಭನಿಗೆ ಶಕ್ತಿ ಬರುವುದು ಆಕಾಶದಿಂದ ಬಿದ್ದ ಕಲ್ಲಿನಿಂದ. “ಊರೇ ಇಲ್ವಲ್ಲಾ, ಇವ್ನು ಯಾಕ್ಲಾ ಅಳ್ತಾವ್ನೆ?” ಎಂದು ಪುಟ್ಟಸ್ವಾಮಿ ಗೊಣಗುತ್ತಲೇ ಇದ್ದ. ಕತ್ತಲಲ್ಲಿ ಒಳಗೆ ಹೋಗುವಾಗ ನಿಂಗರಾಜು ಶ್ರೀನಿಧಿಯ ಹೆಗಲ ಮೇಲೆ ಕೈಯಿಟ್ಟು ನಡೆದ. ಸಲಿಗೆ ಎಂದುಕೊಂಡೆ. ಅಥವಾ ಆಗಲೇ ಅನುಮಾನ ಬಂದಿತ್ತೋ? ನನ್ನ ಕೆಲಸವೇ ಕಣ್ಣಿನದಾದ್ದರಿಂದ ಬರಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಬಂದಿತ್ತು ಎಂದು ಬರೆದುಬಿಡುವುದೂ ಸುಲಭ.

ಸಂಜೆಯ ಟ್ರಿಪ್ಪಿನಲ್ಲಿ ಜನರ ಕಾಲು ತುಳಿಯುತ್ತಾನೆ ಎಂದು ಬಸ್ಸಿನವರು ನಿಂಗರಾಜುವನ್ನು ಕ್ಲಿನಿಕ್ಕಿಗೆ ಕಳಿಸಿದರು. ನಾನೇ ಯಂತ್ರದ ಮುಂದೆ ಕೂರಿಸಿದೆ. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅವನು ಒತ್ತಲೇ ಇಲ್ಲ ಎನ್ನುವಷ್ಟು ಕಡಿಮೆ ಒತ್ತಿದ. ಯಂತ್ರ ಕೊಟ್ಟ ಕಾಗದದ ಮೇಲೆ ಸುತ್ತಲೂ ಕಾಣದ ಕಪ್ಪು, ನಡುವೆ ಕಾಣುವ ಒಂದು ಕಿಂಡಿ. ಹುಟ್ಟಿನಿಂದಲೇ ಬರುವ ಕಾಯಿಲೆ, ಕಿಂಡಿ ಕಿರಿದಾಗುತ್ತ ಹೋಗುತ್ತದೆ, ಔಷಧಿಯಿಲ್ಲ ಎಂದು ವೈದ್ಯರು ಮೆಲ್ಲಗೆ ಹೇಳಿದರು. ಹೊರಗೆ ಬೆಂಚಿನ ಮೇಲೆ ಕೂತು ಅವನು ನನ್ನನ್ನು ಕೇಳಿದ್ದು ಒಂದೇ. “ಕೊನೇ ಸಂಚಿಕೆ ಬರೋಗಂಟ ಇರ್ತದಾ ಮೇಡಂ?”

ಕಥೆ ಮುಗಿಯಲಿತ್ತು. ಜಲಸ್ತಂಭ ತನ್ನ ಮುಳುಗಿದ ಊರಿಗೆ ವಾಪಸು ಹೋಗುತ್ತಾನೆ ಎಂಬಲ್ಲಿಗೆ ಹಿಂದಿನ ಸಂಚಿಕೆ ನಿಂತಿತ್ತು. ಇರ್ತದ್ರಿ ಎಂದೆ. ನನಗೆ ತಿಳಿದಿರಲಿಲ್ಲ.

ಈ ಸಲ ಮೊದಲು ನೀನೇ ಓದು ಎಂದು ಗೆಳೆಯರು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. “ಕರುಣೆ ಮ್ಯಾಲೆ ನೀರು ಬುಟ್ರೆ ಅದು ಕಟ್ಟಲ್ಲ,” ಎಂದ. ಹಾಗಾಗಿ ಸಂಚಿಕೆ ಬಂದ ದಿನವೇ ಶ್ರೀನಿಧಿ ಬಸ್ಸಿನಲ್ಲಿ ನಿಂತುಕೊಂಡೇ ಓದಿದ. ಪುಟ್ಟಸ್ವಾಮಿ ಕಬ್ಬಿನ ಲೋಡು ಬಿಟ್ಟು ಬಂದು ಟ್ರಾಕ್ಟರಿನ ಮೇಲೇ ಓದಿ ಮುಗಿಸಿದ. ಆದರೂ ಸಂಚಿಕೆ ಬರುವುದೇ ಬಹಳ ತಡವಾಗಿದ್ದರಿಂದ, ಪುಸ್ತಕ ನಾಗಮಂಗಲ ಮುಟ್ಟುವಷ್ಟರಲ್ಲಿ ಆ ಕಿಂಡಿಯೂ ಮಸುಕಾಗಿತ್ತು.

ಅವನು ಹಾಗೆಂದು ಯಾರಿಗೂ ಹೇಳಲಿಲ್ಲ. “ಇನ್ನೂ ಓದಿಲ್ಲ,” ಎನ್ನುತ್ತ ಭಾನುವಾರಗಳನ್ನು ಕಳೆದ. ಓದಿಲ್ಲವಾದ್ದರಿಂದ ಮಾತಾಡುವಂತಿಲ್ಲ. ಮೂವರೂ ಬೇಕರಿಯಲ್ಲಿ ಟೀ ಕುಡಿದು, ಮಳೆ, ಬೆಲ್ಲದ ರೇಟು, ಮಾವನ ಮನೆ ಎಂದು ಏನೇನೋ ಆಡಿ ಎದ್ದು ಹೋಗುತ್ತಿದ್ದರು. ಪುಟ್ಟಸ್ವಾಮಿ ನನ್ನನ್ನು ಒಂದು ಸಲ ಪಕ್ಕಕ್ಕೆ ಕರೆದ. “ಕಣ್ಣಿನೋರು ನೀವು. ಏನಾರ ಮಾಡ್ರವ್ವಾ.”

ನಾನು ಏನು ಮಾಡಬಲ್ಲೆ ಎಂದು ಅವನಿಗೂ ಗೊತ್ತಿತ್ತು.

ಕ್ಲಿನಿಕ್ಕಿಗೆ ರಜೆಯಿದ್ದ ಒಂದು ಹಗಲು ನಿಂಗರಾಜು ಫೋನು ಮಾಡಿ ಕರೆದ. ಅವನ ಮನೆಯ ಜಗಲಿಯ ಮೇಲೆ ಕೂತಿದ್ದೆವು. ಅವನ ಹೆಂಡತಿ ಹುರುಳಿಕಾಳು ಕೇರುತ್ತಿದ್ದಳು ಎಂದು ನೆನಪು, ಅವರೆಯೂ ಇರಬಹುದು. ಪುಸ್ತಕವನ್ನು ಕೊನೆಯ ಪುಟಕ್ಕೆ ತಿರುಗಿಸಿ ನನ್ನ ತೊಡೆಯ ಮೇಲೆ ಇಟ್ಟ.

“ಅವ್ರಿಬ್ರೂ ನಂಗೆ ಅರ್ಥ ಯೋಳ್ತಾರೆ ಮೇಡಂ. ನೀವು ಕಟ್ಟಿಗೆ ಸೇರಿಲ್ಲ, ಹಿಂದ್ಲ ಕತೆ ಪೂರ್ತಿ ಗೊತ್ತಿಲ್ಲ. ಅದ್ಕೆ ನಿಮ್ಮನ್ನ ಕೇಳ್ತಿರೋದು. ಅರ್ಥ ಬ್ಯಾಡ. ಏನದೆ ಅಷ್ಟು ಯೋಳಿ.”

ಮಾತಿಲ್ಲದ ಪುಟ. ಇಡೀ ಪುಟಕ್ಕೆ ಒಂದೇ ಚಿತ್ರ. “ನೀರದ. ಅಂವ ನಿಂತಾನ. ಸೊಂಟದ ತನಕ ನೀರು,” ಎಂದೆ.

“ಮಖ?”

“ಕಾಣಲ್ದು. ಬೆನ್ನು ತಿರುವ್ಯಾನ. ಮುಂದ ಒಂದು ಕಲ್ಲಿನ ಗ್ವಾಡಿ ಅದ.”

“ಗ್ವಾಡಿ ಅಂದ್ರೆ ಗೋಡೆ ತಾನೆ?” ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ. “ನೀರು ಏರ್ತಾ ಅದಾ, ಇಳೀತಾ ಅದಾ?”

ನಿಂತ ಚಿತ್ರದಲ್ಲಿ ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಗೆಂದು ಹೇಳಬಹುದಿತ್ತು. ಅವನ ಕಣ್ಣುಗಳು ನನ್ನ ದನಿಯತ್ತ ತಿರುಗಿದ್ದವು. ಗೋಡೆಯ ಮೇಲೆ, ನೀರಿನ ಗೆರೆಗಿಂತ ಗೇಣು ಎತ್ತರಕ್ಕೆ, ಒಂದು ಕಪ್ಪು ಪಟ್ಟಿ ಕಂಡಿತು. ಒದ್ದೆಯ ಗುರುತು. ಸೇಡಮ್ಮಿನಲ್ಲಿ ನಾವು ಬಾವಿ ಇಣುಕಿದ ಕೂಡಲೆ ನೋಡುತ್ತಿದ್ದುದು ಅದನ್ನೇ: ನಿನ್ನೆ ಎಲ್ಲಿಯವರೆಗೆ ಇತ್ತು, ಇವತ್ತು ಎಷ್ಟು ಇಳಿದಿದೆ.

“ಇಳೀಲಕತ್ತದ,” ಎಂದೆ.

ಅವನು ಪುಸ್ತಕವನ್ನು ತಡಕಿ ತೆಗೆದುಕೊಂಡು ಮುಚ್ಚಿದ. ಆಮೇಲೆ ಹೆಂಡತಿಗೆ, “ಮೇಡಮ್ಮೋರ್ಗೆ ಊಟಕ್ಕಿಕ್ಕಮ್ಮಿ,” ಎಂದ.

ಮುಂದಿನ ಭಾನುವಾರ ಕಟ್ಟು ಮುಗಿಯಿತು ಎಂದು ಅವನೇ ಸಾರಿದ. ಮೊದಲ ಸಲ ಅವನೇ ಅರ್ಥ ಹೇಳಿದ. “ನೀರು ಇಳೀತಾ ಅದೆ ಕಣ್ರಲಾ. ಊರು ಎದ್ದು ಬತ್ತಾ ಅದೆ. ಅವ್ನು ಕೈಯೂ ಎತ್ತಿಲ್ಲ ನೋಡು, ಸುಮ್ಕೆ ನಿಂತವ್ನೆ, ಅದಾಗೇ ಇಳೀತಾ ಅದೆ.” ಅವನ ಮುಖ ಬಸ್ಸಿನಲ್ಲಿ ಮೊದಲ ಸಲ ಕಂಡಂತೆಯೇ ಇತ್ತು ಎಂದು ಬರೆಯಬೇಕೆನಿಸುತ್ತದೆ. ಬಸ್ಸಿನ ಮುಖ ನನಗೆ ನೆನಪಿಲ್ಲ.

ಪುಟ್ಟಸ್ವಾಮಿಯ ಟೀ ಲೋಟ ಬಾಯಿಯ ಹತ್ತಿರ ನಿಂತಿತು. ಅವನು ಶ್ರೀನಿಧಿಯನ್ನು ನೋಡಿದ. ಶ್ರೀನಿಧಿ ನನ್ನನ್ನು ನೋಡಿದ. ಯಾರ ಮಾತನ್ನೂ ಒಂದೇ ಏಟಿಗೆ ಒಪ್ಪದ ಪುಟ್ಟಸ್ವಾಮಿ ಆಮೇಲೆ ಹೇಳಿದ. “ಊಂ ಕಣ್ಲಾ. ಇಳೀತಾ ಅದೆ.”

ವಾಪಸು ಬರುವಾಗ ಬಸ್ಸಿನಲ್ಲಿ ಶ್ರೀನಿಧಿಯನ್ನು ಕೇಳಿದೆ, ನೀವು ನೋಡಿದ್ದು ಏನು ಎಂದು. “ಕಟ್ಟು ಮುಗೀತಲ್ಲ ಮೇಡಂ, ಇನ್ಯಾಕೆ ಆ ಮಾತು?” ಎಂದು ಅವನು ಕಿಟಕಿಯತ್ತ ತಿರುಗಿದ.

ಇಲ್ಲಿಯವರು ಅಣೆಕಟ್ಟೆಯ ಮಟ್ಟ ಏರಿತೇ ಎಂದು ಕೇಳುತ್ತ ಬೆಳೆದವರು. ಒದ್ದೆ ಪಟ್ಟಿ ಕಂಡರೆ ಅವರಿಗೆ ಏನು ಕಾಣುತ್ತದೋ. ಅಲೆ ಮೇಲೇರಿ ಹಚ್ಚಿದ ಗುರುತು ಎನ್ನಬಹುದು, ಬರೀ ನೆರಳು ಎನ್ನಬಹುದು. ಊರಿಗೆ ಫೋನು ಮಾಡಿದಾಗ ಅವ್ವ, “ಅಲ್ಲಿ ಹೊಂದಿಕೊಂಡೀ?” ಎಂದು ಕೇಳುತ್ತಾಳೆ. ಹ್ಞೂಂ ಎನ್ನುತ್ತೇನೆ. ಮಾತಿನ ನಡುವೆ ನಾನು ಸೇಡಮ್ಮಿಗೂ ‘ಅಲ್ಲಿ’ ಎನ್ನುತ್ತೇನೆ, ಪಾಂಡವಪುರಕ್ಕೂ ‘ಅಲ್ಲಿ’ ಎನ್ನುತ್ತೇನೆ. ಆದರೆ ಆ ಜಗಲಿಯ ಮೇಲೆ ನಿಂಗರಾಜುವಿನ ಪರವಾಗಿ ನೋಡಿದ ಕಣ್ಣು ಎಲ್ಲಿಯದು ಎಂದು ಯಾರಾದರೂ ಕೇಳಿದರೆ, ಬಾವಿಯ ಕಡೆಯದು ಎನ್ನಬೇಕಾಗುತ್ತದೆ.

ಪುಸ್ತಕ ಅವನ ಹತ್ತಿರವೇ ಇದೆ. ಕೇಳಿದರೆ ಕೊಡುತ್ತಾನೆ. ನಾನು ಕೇಳಿಲ್ಲ. ಆ ಕಪ್ಪು ಪಟ್ಟಿ ಚಿತ್ರದಲ್ಲಿ ಇತ್ತೋ, ನಾನು ಅಲ್ಲಿ ಇಟ್ಟೆನೋ, ನನಗೆ ಗೊತ್ತಿಲ್ಲ.