ರೋಟರಿ ಎಂಜಿನ್ನೂ ಬಾಳೆಹಣ್ಣಿನ ಬಂಡಿಯೂ

ಹಳೇ ಕಾರಿನ ಹುಚ್ಚಿರುವ ಕಾಂಟ್ರಾಕ್ಟರೊಬ್ಬರು ಕಮಲಾಪುರದಿಂದ ಕಲಬುರಗಿಯ ನನ್ನ ಗ್ಯಾರೇಜಿಗೆ ಫೋನ್ ಮಾಡಿದರು. "ರೋಟರಿ ಗಾಡಿ ಚಾಲೂನೇ ಆಗವಲ್ದು, ಲಗೂ ಬರ್ರಿ." ಪಿಸ್ಟನ್ನೇ ಇಲ್ಲದೆ, ಮೂರು ಮೂಲೆಯ ರೋಟರ್ ಗಿರಗಿರ ತಿರುಗುವ ಎಂಜಿನ್ ಅದು. ಹೋದೆ.

"ಏನ್ ಮಾಡಿದ್ರಿ?"

"ಬಾಳೆಹಣ್ಣು ಮಾರೋ ಅವ್ವ ತನ್ನ ಬಂಡಿಗೆ ಜಾಗಾ ಬೇಕಂದ್ಳು. ಗಾಡಿ ಎರಡು ಮಾರು ಸರಿಸಿ ಬಂದ್ ಮಾಡೀನ್ರಿ."

ಅಲ್ಲೇ ಕೆಟ್ಟಿತ್ತು. ತಣ್ಣಗಿರುವಾಗ ಚಾಲೂ ಮಾಡಿ ತಕ್ಷಣ ಆರಿಸಿದರೆ ಈ ಎಂಜಿನ್ನಿನ ಹೊಟ್ಟೆಯಲ್ಲಿ ಪೆಟ್ರೋಲ್ ನಿಂತು, ಮತ್ತೆ ಕಿಡಿಯೇ ಹತ್ತುವುದಿಲ್ಲ. ನಾನು ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ಫ್ಯೂಸ್ ಕಿತ್ತೆ.

"ಪೆಟ್ರೋಲ್ ಬಂದ್ ಮಾಡಿ ಗಾಡಿ ಚಾಲೂ ಮಾಡ್ತಾರೇನ್ರೀ!" ಸುತ್ತ ನಿಂತವರು ನಕ್ಕರು.

ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದೆ. ನಿಂತ ಪೆಟ್ರೋಲೆಲ್ಲ ಹೊರಬಿತ್ತು. ಫ್ಯೂಸ್ ಹಾಕಿ ಮತ್ತೆ ಹೊಡೆದದ್ದೇ ತಡ, ಕಾರು ಗುಡುಗಿತು. ನಕ್ಕವರೇ ಸೀಟಿ ಹೊಡೆದರು!

ಅಷ್ಟರಲ್ಲಿ ಅವ್ವ ಬಂದಳು. "ಗಾಡಿ ಇನ್ನಾ ಚೂರು ಸರಸ್ರೆಪಾ."

ನಾನೂ ಕಾಂಟ್ರಾಕ್ಟರೂ ಓಡಿಹೋಗಿ ಅವಳ ಬಂಡಿಯನ್ನೇ ಸರಿಸಿದೆವು.