ಕೇರಾಫ್ ಗಡಿಯಾರದ ಚಾಚಾ

ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆದ ಮೇಲೂ ಗಡಿಯಾರದ ಚಾಚಾರ ಬಲಗಣ್ಣಿನ ಸುತ್ತ ಒಂದು ಉಂಗುರ ಉಳಿದಿರುತ್ತಿತ್ತು, ಬಿಸಿ ಲೋಟ ಇಟ್ಟೆತ್ತಿದ ಗುರುತಿನಂತೆ. ಮುಳಬಾಗಿಲಿನ ನಮ್ಮ ಬೀದಿಯ ತಿರುವಿನಲ್ಲಿ ಅವರ ಗಡಿಯಾರ ರಿಪೇರಿ ಅಂಗಡಿ. ಬಾಡಿಗೆ ಮನೆಯವರಿಗೆ, ಹಾಸ್ಟೆಲ್ ಹುಡುಗರಿಗೆ, ಕಾಗದ ಮನೆಗೆ ಬರಬಾರದು ಅನ್ನುವವರಿಗೆ ಅದೇ ಕೇರಾಫ್ ವಿಳಾಸ. ಕಳಿಸಿದ್ದು ಯಾರೆಂದು ಅವರು ಲಕೋಟೆ ತಿರುಗಿಸಿ ನೋಡಿದ್ದನ್ನು ನಾನು ಕಂಡಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಕೋಲಾರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದ ಹುಮ್ಮಸ್ಸಿನಲ್ಲಿ ನಾನೊಂದು ವೆಬ್‌ಸೈಟ್ ತೆರೆದೆ. ತಾಯತ ಕಟ್ಟಿ ಕಾಮಾಲೆ ವಾಸಿಮಾಡುತ್ತೇವೆ ಅನ್ನುವವರನ್ನು ಪ್ರಶ್ನಿಸುವುದು ಅದರ ಕೆಲಸ. ಬರಹದ ಕೆಳಗೆ ನನ್ನ ಹೆಸರು ಹಾಕಲಿಲ್ಲ. ಆದರೆ ಸೈಟಿನ ಹೆಸರು ನೋಂದಾಯಿಸುವಾಗ ನನ್ನ ಹೆಸರು, ಮನೆ ವಿಳಾಸ, ಫೋನ್ ನಂಬರ್ ಎಲ್ಲ ನಿಜವೇ ಕೊಟ್ಟಿದ್ದೆ. ಅದನ್ನು ಲೋಕದಲ್ಲಿ ಯಾರು ಬೇಕಾದರೂ ಹುಡುಕಿ ಓದಬಹುದೆಂದು ಗೊತ್ತಾದದ್ದು ಮನೆಗೆ ಫೋನ್ ಬರತೊಡಗಿದಾಗ. ನಿಮ್ಮ ಹುಡುಗಿ ಹತ್ತುವ ಬಸ್ಸು ಯಾವುದೆಂದು ಗೊತ್ತು ಅಂದರಂತೆ. ಸೈಟ್ ಮುಚ್ಚು, ಇಲ್ಲ ಕಾಲೇಜು ಬಿಡು ಅಂದರು ಅಪ್ಪ.

ಚಾಚಾರ ಮುಂದೆ ಗೋಳು ಹೇಳಿಕೊಂಡೆ. ತನ್ನ ಹೆಸರು, ಅಂಗಡಿ ವಿಳಾಸ ಹಾಕಿಕೊ ಅಂದರು. ಸುಳ್ಳು ವಿವರ ಕೊಟ್ಟರೆ ನೋಂದಣಿ ರದ್ದು ಮಾಡುತ್ತಾರೆ ಎಂದು ವಾದಿಸಿದೆ.

“ಸುಳ್ಳೆಲ್ಲಿ ಬಂತು ಬೇಟಿ? ನಾನ್ ಇಲ್ಲೇ ಕೂತಿದ್ದೀನಲ್ಲ. ಬಂದೋರು ನನ್ನ ಕೇಳ್ಲಿ.”

ಅದು ವಾದವೇ ಅಲ್ಲ ಅನ್ನಿಸಿತು. ಆದರೂ ಸೈಬರ್ ಸೆಂಟರಿಗೆ ಹೋಗಿ ಬದಲಿಸಿದೆ. ಸೈಟು ಬೇರೆಯವರ ಕೈಗೆ ಹೋಯಿತು ಅಂದುಕೊಂಡರೋ ಏನೋ, ಮನೆಯ ಫೋನ್ ತಣ್ಣಗಾಯಿತು.

ಒಂದು ಸಂಜೆ ನಾನು ಅಂಗಡಿಯಲ್ಲಿ ನಿಂತಿರುವಾಗಲೇ ಇಬ್ಬರು ಬಂದರು. ಕೈಯಲ್ಲಿ ನನ್ನ ಬರಹದ ಪ್ರಿಂಟು. ಚಾಚಾ ಅದನ್ನು ಕೊನೆಯ ಸಾಲಿನ ತನಕ ಓದಿದರು. ಬರೆದವರು ಯಾರು ಅಂದದ್ದಕ್ಕೆ, ನಾನೇ ಅಂದರು. ಒಬ್ಬ ಅವರ ತೋಳಿನ ಕಪ್ಪು ದಾರ ನೋಡಿ ನಕ್ಕ.

“ಏನ್ ಸಾಬ್ರೇ, ತಾಯತ ಕಟ್ಕೊಂಡು ತಾಯತಕ್ಕೇ ಬೈತೀರಾ?”

“ಕಟ್ಕೊಂಡೋನಿಗಲ್ದೆ ಇನ್ಯಾರಿಗ್ ಗೊತ್ತಾಗುತ್ತೆ?” ಅಂದ ಚಾಚಾ, ನನ್ನ ಕಡೆ ನೋಡದೆಯೇ, “ನಿನ್ ವಾಚು ಇನ್ನೂ ಆಗಿಲ್ಲಮ್ಮ, ನಾಳೆ ಬಾ” ಅಂದರು. ನಾನು ವಾಚು ಕೊಟ್ಟೇ ಇರಲಿಲ್ಲ. ಗಿರಾಕಿಯ ಹಾಗೆ ಪಕ್ಕಕ್ಕೆ ಸರಿದು ನಿಂತೆ.

ಬಂದ ಇಬ್ಬರೂ ಗಾಜಿನ ಪೆಟ್ಟಿಗೆ ಒದ್ದು ಹೋದರು. ಉದುರಿದ ಸ್ಪ್ರಿಂಗ್‌ಗಳನ್ನು ಹೆಕ್ಕುತ್ತಿದ್ದ ಚಾಚಾರನ್ನು ಕೇಳಿದೆ: ತಾಯತ ನಂಬುತ್ತೀರಾ? ನಂಬುತ್ತೇನೆ ಅಂದರು. ಹಾಗಾದರೆ ನಾನು ಬರೆದದ್ದು? ತಪ್ಪು ಅಂತಲೇ ಕಾಣುತ್ತದೆ ಅಂದರು.

“ಮತ್ತೆ ಯಾಕೆ ಚಾಚಾ?”

“ತಪ್ ಬರೆದಿದ್ದೀಯ ಅಂತ ನಿನ್ ಮನೆ ತೋರಿಸ್ಬೇಕಾ?”

ವರ್ಷಗಳ ನಂತರ ಚಾಚಾ ತೀರಿಕೊಂಡ ಮೇಲೆ ನೋಂದಣಿಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಈಗ ವಿವರ ಮರೆಮಾಡುವ ಸೌಲಭ್ಯವಿದೆ, ನೋಂದಣಿ ಮಾಡುವ ಕಂಪನಿ ನನ್ನ ಬದಲು ತನ್ನದೇ ವಿಳಾಸ ತೋರಿಸುತ್ತದೆ. ತಾಯತದ ಬಗ್ಗೆ ಬರೆದ ಒಂದಕ್ಷರವನ್ನೂ ನಾನು ಹಿಂತೆಗೆದುಕೊಂಡಿಲ್ಲ. ಆದರೆ ತಪ್ಪೆಂದು ಕಂಡ ಮಾತಿಗೆ ಒಬ್ಬ ಮನುಷ್ಯ ತನ್ನ ಅಂಗಡಿಯ ಬಾಗಿಲನ್ನೇ ಕೊಟ್ಟನಲ್ಲ, ಅದನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ತಿಳಿಯದು.